ದೊಡವಾಡದವರು ನೋಡದ ಕೊನೆ

ನನ್ನ ಕಪಾಟಿನ ಮೇಲಿನ ಅರೆಯಲ್ಲಿ, ಚಳಿಗಾಲದ ಶಾಲುಗಳ ಕೆಳಗೆ, ಒಂದು ಡಿವಿಡಿ ಇದೆ. ಶಾಲುಗಳ ನಡುವೆ ಡಿವಿಡಿಗೇನು ಕೆಲಸ ಎಂದು ಕೇಳಬೇಡಿ. ಅದನ್ನು ಹೇಳಲೆಂದೇ ಕೂತಿದ್ದೇನೆ. ಮೊನ್ನೆ ಶಾಲುಗಳನ್ನು ಬಿಸಿಲಿಗೆ ಹಾಕಲು ತೆಗೆದಾಗ ಅದು ಠಪ್ಪೆಂದು ನೆಲಕ್ಕೆ ಬಿತ್ತು. ಚಹಾ ಕುಡಿಯುತ್ತ ಕೂತಿದ್ದ ನೆರೆಮನೆಯಾಕೆ ಎತ್ತಿಕೊಂಡು ಮೇಲಿನ ಚಿತ್ರ ನೋಡಿದಳು. “ಅಯ್ಯ, ಇದು ಆ ಹಳೇ ಸಿನಿಮಾ ಅಲ್ಲೇನ್ರೀ ಅಕ್ಕಾರ! ನಮ್ಮ ಅತ್ತಿ ದೊಡವಾಡದಿಂದ ಬಂದಾರ. ಅವರಿಗೆ ಇದು ಅಂದ್ರ ಜೀವ. ಸಂಜೀಮಟ ಕೊಡ್ರಿ” ಎಂದಳು. “ಡಿಸ್ಕ್ ಕೆಟ್ಟೈತ್ರಿ” ಎಂದು ಅವಳ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡೆ.

ಡಿಸ್ಕು ಕೆಟ್ಟಿಲ್ಲ. ಅದರ ತಂಟೆಯೇ ಅದು, ಒಂದಿಷ್ಟೂ ಕೆಟ್ಟಿಲ್ಲ. ಯಾರೋ ಪುಣ್ಯಾತ್ಮರು ಮೂಲೆಯಲ್ಲಿ ಕೊಳೆಯುತ್ತಿದ್ದ ರೀಲುಗಳನ್ನು ಹುಡುಕಿ ತೆಗೆದು, ತೊಳೆದು, ಗೀರುಗಳನ್ನು ಒಂದೊಂದಾಗಿ ಅಳಿಸಿ, ಕಳೆದುಹೋದ ಭಾಗಗಳನ್ನು ಎಲ್ಲಿಂದಲೋ ತಂದು ಜೋಡಿಸಿ, ಸಿನಿಮಾವನ್ನು ಹೊಸದಾಗಿ ಹೊರಗೆ ತಂದಿದ್ದಾರೆ. ಹೊದಿಕೆಯ ಮೇಲೆ ‘ಪೂರ್ಣ ಚಿತ್ರ’ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ. ಆ ‘ಪೂರ್ಣ’ ಎಂಬ ಮಾತು ಕಂಡರೆ ನಾನು ಈಗಲೂ ಡಬ್ಬಿಯನ್ನು ಮಗುಚಿಡುತ್ತೇನೆ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅದನ್ನು ಬಲ್ಲವರು ‘ಅಯ್ಯೋ ಪಾಪ’ ಎಂದು ಬಾಯಿ ಚಪ್ಪರಿಸುತ್ತೀರಿ. ನಮ್ಮೂರು ದೊಡವಾಡದಲ್ಲಿ ಮಾತ್ರ ಆ ಹೆಸರು ಕೇಳಿದರೆ ಹೆಂಗಸರ ಮುಖ ಅರಳುತ್ತದೆ.

ದೊಡವಾಡದ ಹೆಂಗಸರು ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಕಾರಣ ಬಸ್ಸು. ಬೈಲಹೊಂಗಲದ ಟಾಕೀಸಿನಲ್ಲಿ ಹೆಂಗಸರು ಹೋಗಬಹುದಾದ ಆಟವೆಂದರೆ ಮಧ್ಯಾಹ್ನದ್ದೊಂದೇ. ನಮ್ಮೂರಿಗೆ ಮರಳಲು ಇದ್ದದ್ದು ವಸ್ತಿ ಬಸ್ಸು. ರಾತ್ರಿ ನಮ್ಮೂರಲ್ಲೇ ತಂಗಿ ಬೆಳಿಗ್ಗೆ ವಾಪಸಾಗುವ ಬಸ್ಸು. ಆಟ ಮುಗಿಯುವ ಹೊತ್ತಿಗೂ ಆ ಬಸ್ಸು ಹೊರಡುವ ಹೊತ್ತಿಗೂ ಎಂದೂ ಕೂಡಿಬರಲಿಲ್ಲ. ಪರದೆಯ ಮೇಲೆ ಕಥೆ ಕಾವೇರುತ್ತಿದ್ದಂತೆ ಪಕ್ಕದ ಬಾಗಿಲಿನ ಪರದೆ ಸರಿಯುತ್ತಿತ್ತು, ಒಳಗೆ ಬಿಸಿಲು ನುಗ್ಗುತ್ತಿತ್ತು, ಗೇಟಿನವನು ಕೈಯನ್ನು ಬಾಯಿಗೆ ಅಡ್ಡ ಹಿಡಿದು ರಾಗವಾಗಿ ಕೂಗುತ್ತಿದ್ದ: “ದೊಡವಾಡದವರು ಏಳ್ರೀ... ಬಸ್ ಹಚ್ಚ್ಯಾರ!”

ಕೂಗಿದ್ದೇ ತಡ, ಹೆಂಗಸರ ಕಡೆಯ ಎರಡು ಸಾಲು ಒಮ್ಮೆಲೇ ಏಳುತ್ತಿದ್ದವು. ಚಪ್ಪಲಿ ಹುಡುಕುವುದು, ಮಲಗಿದ ಕೂಸುಗಳನ್ನು ಹೆಗಲಿಗೆ ಹಾಕಿಕೊಳ್ಳುವುದು, ಸಂತೆಯ ಚೀಲ ಎತ್ತಿಕೊಳ್ಳುವುದು. ಬೈಲಹೊಂಗಲದವರು ಹಿಂದಿನಿಂದ ಬೈಯುತ್ತಿದ್ದರು. ನಾವು ಪರದೆಯ ಕಡೆ ಕತ್ತು ತಿರುಗಿಸಿಕೊಂಡೇ ಅಡ್ಡಡ್ಡ ನಡೆಯುತ್ತ ಬಾಗಿಲು ದಾಟುತ್ತಿದ್ದೆವು. ಆಮೇಲೆ ಬಸ್‌ಸ್ಟ್ಯಾಂಡಿನವರೆಗೆ ಓಟ. ನಾನು ಇವತ್ತಿಗೂ ಯಾವ ಊರಿಗೆ ಹೊರಟರೂ ಒಂದು ತಾಸು ಮೊದಲೇ ಸ್ಟ್ಯಾಂಡಿನಲ್ಲಿ ಕೂತು ಗೋಡೆ ಗಡಿಯಾರ ನೋಡುತ್ತಿರುತ್ತೇನೆ. ಗಂಡ ನಗುತ್ತಾರೆ. ಅವರು ಧಾರವಾಡ ಪೇಟೆಯಲ್ಲಿ ಬೆಳೆದವರು, ಅವರಿಗೆ ಬಸ್ಸಿನ ಭಯವೆಂದರೆ ಏನು ಗೊತ್ತು?

ಗಂಡಸರು ರಾತ್ರಿಯ ಆಟಕ್ಕೆ ಹೋಗುತ್ತಿರಲಿಲ್ಲವೇ, ಅವರಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗುತ್ತಿದ್ದರು, ಹೊಡೆದಾಟದ ಸಿನಿಮಾಗಳಿಗೆ. ಅಳುವ ಸಿನಿಮಾಕ್ಕೆ ಮೋಟರ್‌ಸೈಕಲ್ಲಿನ ಪೆಟ್ರೋಲು ಸುಡುವ ಗಂಡಸು ನಮ್ಮೂರಲ್ಲಿ ಹುಟ್ಟಿರಲಿಲ್ಲ.

ಹಾಗೆಂದು ನಮ್ಮ ಸಿನಿಮಾಗಳು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಅವು ಬಸ್ಸಿನಲ್ಲಿ ಮುಗಿಯುತ್ತಿದ್ದವು. ಮುಗಿಸುವವರು ಇಬ್ಬರು: ನನ್ನ ಚಿಗವ್ವ ನೀಲವ್ವ ಮತ್ತು ಮಗ್ಗುಲ ಮನೆಯ ಬಳೆಗಾರ್ತಿ ಹಸೀನಾಬಿ. ಚಿಗವ್ವ ನನ್ನ ಅವ್ವನ ತಂಗಿ. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿಬಿಟ್ಟಳು. ನನ್ನನ್ನು ದೊಡವಾಡಕ್ಕೆ ಕರೆತಂದು ಬೆಳೆಸಿದವಳು ಈಕೆ. ಬಸ್ಸು ಊರು ದಾಟುತ್ತಿದ್ದಂತೆ ಇಬ್ಬರೂ ಶುರುಮಾಡುತ್ತಿದ್ದರು. ಚಿಗವ್ವ ಕೆಟ್ಟವರನ್ನು ಜೈಲಿಗೆ ಹಾಕಿಸಿ, ಮುನಿದ ಅಪ್ಪನನ್ನು ಸಮಾಧಾನ ಮಾಡಿ, ಲಗ್ನದ ಮುಹೂರ್ತ ಹಿಡಿಸುತ್ತಿದ್ದಳು. ಲಗ್ನದ ಊಟ ಹಸೀನಾಬಿಯ ಪಾಲು. ಯಾರ ಮನೆಯ ಲಗ್ನವೇ ಇರಲಿ, ಅವಳ ಪಂಕ್ತಿಯಲ್ಲಿ ಬುಂದಿ ಉಂಡೆ ಕಡಿಮೆ ಬೀಳುತ್ತಿರಲಿಲ್ಲ. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದು ನಿಲ್ಲಿಸಿ, “ಆಮ್ಯಾಲೇನಾತು ಬೇ?” ಎಂದು ಕೇಳುತ್ತಿದ್ದ. ನಾನು ಧಾರವಾಡದಲ್ಲಿ ಕಾಲೇಜು ಸೇರಿ ಮೊದಲ ಸಲ ಒಂದು ಸಿನಿಮಾವನ್ನು ‘ಶುಭಂ’ ಬರುವವರೆಗೆ ನೋಡಿದಾಗ, ಇದಕ್ಕಿಂತ ನಮ್ಮ ಬಸ್ಸಿನದೇ ಚಲೋ ಇತ್ತು ಅನಿಸಿತ್ತು.

ಈಗ ಆ ಸಿನಿಮಾಕ್ಕೆ ಬರುತ್ತೇನೆ. ಅದು ಹಳೆಯ ಕಪ್ಪುಬಿಳುಪು ಚಿತ್ರ. ತೊಂಬತ್ತರ ದಶಕದಲ್ಲಿ ಸುಗ್ಗಿ ಮುಗಿದ ಮೇಲೆ ಮತ್ತೆ ಮತ್ತೆ ಬೈಲಹೊಂಗಲಕ್ಕೆ ಬರುತ್ತಿತ್ತು, ಬಂದಾಗೆಲ್ಲ ನಮ್ಮೂರ ಹೆಂಗಸರು ಹೋಗುತ್ತಿದ್ದರು. ನಾಯಕಿ ಕುಮುದಿನಿ, ಹೊಳೆ ದಂಡೆಯ ಸಾವಕಾರನ ಮಗಳು. ನಾಯಕ ಹೊಳೆಯ ಆಚೆ ಊರಿನ ಬಡವ. ಅಪ್ಪ ಒಪ್ಪುವುದಿಲ್ಲ, ಊರು ಒಪ್ಪುವುದಿಲ್ಲ, ಎಲ್ಲ ಗೋಳೂ ಆಗಿ ಕೊನೆಗೆ ಅಪ್ಪ ಕರಗುತ್ತಾನೆ. ಕುಮುದಿನಿ ಲಗ್ನದ ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು, ಹಣತೆ ಹಿಡಿದು ಹೊಳೆಯ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ. ದೂರದಲ್ಲಿ ನಾಯಕನ ದೋಣಿ ಕಾಣುತ್ತದೆ. ಅವಳು ಹಾಡುತ್ತಾಳೆ. ಆಗ ಬಾಗಿಲಿನ ಪರದೆ ಸರಿಯುತ್ತದೆ: “ದೊಡವಾಡದವರು ಏಳ್ರೀ!”

ದೋಣಿ ಕಂಡ ಮೇಲೆ ಇನ್ನೇನು ಉಳಿಯಿತು? ಬಸ್ಸಿನಲ್ಲಿ ಕಥೆ ಮುಗಿಸಲು ಕಷ್ಟಪಡಬೇಕಾದ ಕೆಲಸವೇ ಇರಲಿಲ್ಲ. ದೋಣಿ ದಡಕ್ಕೆ ಬಂತು, ಲಗ್ನವಾಯಿತು, ಹಸೀನಾಬಿ ಬಡಿಸಿದಳು. ನಮ್ಮೂರಿಗೆ ಅದಕ್ಕಿಂತ ಮಂಗಳಕರವಾದ ಸಿನಿಮಾ ಇರಲಿಲ್ಲ. ಕುಮುದಿನಿಯ ಆ ಹಾಡನ್ನು ನಮ್ಮೂರ ಬ್ಯಾಂಡಿನವರು ಕಲಿತು, ಪ್ರತಿ ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ ಬಾರಿಸುತ್ತಿದ್ದರು. ಗಂಗವ್ವ, ಬಸವ್ವ, ಕಲ್ಲವ್ವ ಎಂದು ಹೆಸರಿಡುತ್ತ ಬಂದ ಓಣಿಗಳಲ್ಲಿ ಕುಮುದಿನಿಯರು ಹುಟ್ಟತೊಡಗಿದರು. ಮೊದಲ ಕುಮುದಿನಿ ನನ್ನ ಚಿಗವ್ವನ ಮಗಳು. ಅವಳನ್ನು ತೊಟ್ಟಿಲಿಗೆ ಹಾಕಿದಾಗ ಚಿಗವ್ವ, “ಆಕಿ ಹೆಂಗ ಪಸಂದ ಮಾಡಿದವನ್ನ ಲಗ್ನ ಆಗಿ ಸುಖವಾಗಿ ಇದ್ದಳು, ನನ್ನ ಮಗಳೂ ಹಂಗ ಇರಬೇಕು” ಎಂದಳಂತೆ.

ಆ ಕುಮುದಿನಿಗೆ ಲಗ್ನದ ವಯಸ್ಸಾಯಿತು. ಅಷ್ಟೊತ್ತಿಗೆ ಟಾಕೀಸು ಮುಚ್ಚಿ ಕಾಳಿನ ಗೋದಾಮಾಗಿತ್ತು. ನಾನು ಬೈಲಹೊಂಗಲದಲ್ಲಿ ಕನ್ನಡ ಸಾಲಿಯ ಮಾಸ್ತರತಿಯಾಗಿ ಮನೆ ಮಾಡಿದ್ದೆ. ಮೊದಲು ರಾಮದುರ್ಗದಿಂದ ಒಂದು ಸಂಬಂಧ ಬಂತು. ಹುಡುಗ ಒಪ್ಪಿದ್ದ, ಹಿರಿಯರು ಚಹಾಕ್ಕೆ ಕೂತಿದ್ದರು. ಗಾಳಿ ಬೀಸಿ ದೇವರ ಜಗಲಿಯ ಮೇಲಿನ ದೀಪ ಆರಿಹೋಯಿತು. ಗಂಡಿನ ಕಡೆಯ ಹಿರಿಯಜ್ಜ ಕಪ್ಪನ್ನು ಹಾಗೆಯೇ ಕೆಳಗಿಟ್ಟು ಎದ್ದುಬಿಟ್ಟ. ಅಷ್ಟೇ, ಸಂಬಂಧ ಮುರಿಯಿತು. ಊರಲ್ಲಿ ಗುಸುಗುಸು ಎದ್ದಿತು. ಇನ್ನೊಂದು ಸಂಬಂಧ ಹೀಗೆಯೇ ತಪ್ಪಿದರೆ ಹುಡುಗಿಯ ಮೇಲೆ ಕೆಟ್ಟ ಹೆಸರು ಕೂತುಬಿಡುತ್ತದೆ ಎಂದು ಚಿಗವ್ವ ಊಟ ಬಿಟ್ಟಳು. ಸವದತ್ತಿ ಗುಡ್ಡಕ್ಕೆ ಹರಕೆ ಹೊತ್ತಳು. ಕುಮುದಿನಿ ಮೇಲ್ನೋಟಕ್ಕೆ ನಗುತ್ತಿದ್ದಳು, ಆದರೆ ಸಂಜೆ ಹೊತ್ತು ಬಾಗಿಲಿನಲ್ಲಿ ಕೂಡುವುದನ್ನು ಬಿಟ್ಟಿದ್ದಳು.

ಎರಡನೆಯ ಸಂಬಂಧ ತಂದವಳು ನಾನೇ. ಹುಡುಗ ಬಸವರಾಜ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಅಪ್ಪನಿಲ್ಲ, ತಾಯಿ ಶಾಂತಕ್ಕನದೇ ಮಾತು. ಈ ಶಾಂತಕ್ಕ ಎಂದರೆ ನನಗೆ ಮೊದಲಿನಿಂದ ಒಂದು ಅಳುಕು. ಮಾತು ಕಡಿಮೆ, ಕಣ್ಣು ಜಾಸ್ತಿ. ಒಂದು ಸಲ ಬೆಕ್ಕು ಅಡ್ಡ ಬಂತೆಂದು ಅರ್ಧ ದಾರಿಯಿಂದ ತಿರುಗಿ ಬಂದವರು ಎಂದು ಯಾರೋ ನನ್ನ ಕಿವಿಗೆ ಹಾಕಿದ್ದರು. ಆದರೂ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದರು. ಒಂದು ರವಿವಾರ ದೊಡವಾಡದಲ್ಲಿ ಸಕ್ಕರೆ ಹಂಚುವುದು ಎಂದು ನಿಗದಿಯಾಯಿತು. ನಮ್ಮ ಕಡೆ ಎರಡೂ ಮನೆಯವರು ಮಾತು ಕೊಟ್ಟು ಸಕ್ಕರೆ ಬಾಯಿಗೆ ಹಾಕಿಕೊಂಡರೆ ನಿಶ್ಚಯವಾದಂತೆ. ಅಲ್ಲಿಯವರೆಗೆ ಯಾರು ಬೇಕಾದರೂ ಎದ್ದು ಹೋಗಬಹುದು. ಮುಹೂರ್ತ ಸಂಜೆ ದನ ಬರುವ ಹೊತ್ತಿಗೆ.

ಶನಿವಾರ ಬಸವರಾಜ ಸಾಲಿಗೆ ಬಂದ. ಕೈಯಲ್ಲಿ ಈ ಡಿವಿಡಿ. “ಅಕ್ಕಾರ, ಬೆಳಗಾವ್ಯಾಗ ಸಿಕ್ತು ನೋಡ್ರಿ! ಆಕಿ ಹೆಸರು ಇದರಾಗಿಂದ ಇಟ್ಟದ್ದು ಅಂತ ಹೇಳಿದ್ದಳು. ನಾಳೆ ಊಟಾ ಆದ ಮ್ಯಾಲ ಮುಹೂರ್ತದಮಟ ಎಲ್ಲಾರೂ ಕೂತು ನೋಡೋಣ್ರಿ. ನಿಮ್ಮ ಪ್ಲೇಯರ್ ತರ್ರಿ. ನೀಲಕ್ಕಗೂ ಫೋನ್ ಮಾಡಿ ಹೇಳೇನಿ, ಭಾಳ ಖುಷಿ ಆದ್ರು” ಎಂದ. ಅವನ ಮುಖದಲ್ಲಿ ಬಹುಮಾನ ಗೆದ್ದ ಹುಡುಗನ ಕಳೆ ಇತ್ತು. ಅವನೂ ಅದನ್ನು ನೋಡಿರಲಿಲ್ಲ.

ನಾನು ಎಂತಹವಳೆಂದು ಹೇಳಿದೆನಲ್ಲ. ಬೀಗ ಹಾಕಿದ ಮೇಲೂ ಜಗ್ಗಿ ನೋಡುವವಳು. ನಾಳೆ ಬೀಗರ ಮುಂದೆ ಡಿಸ್ಕು ಓಡದಿದ್ದರೆ ಏನು ಗತಿ ಎಂದು ಸಂಜೆ ಮನೆಗೆ ಬಂದವಳೇ ಹಾಕಿ ಪರೀಕ್ಷೆ ಮಾಡಿದೆ. ಮೊದಲ ಭಾಗ ಚೆನ್ನಾಗಿ ಓಡಿತು. ಡಿಸ್ಕಿನ ಕೊನೆಯಲ್ಲೇ ಗೀರು ಬಿದ್ದಿರುವುದು ಜಾಸ್ತಿ ಎಂದು ನನ್ನ ಗಂಡ ಹೇಳಿದ್ದರಿಂದ ಕೊನೆಯನ್ನೂ ಹಾಕಿದೆ.

ದೋಣಿ ದಡಕ್ಕೆ ಬರಲಿಲ್ಲ.

ನಡುಹೊಳೆಯಲ್ಲಿ ಗಾಳಿ ಎದ್ದಿತು. ಕುಮುದಿನಿಯ ಕಣ್ಣೆದುರೇ ದೋಣಿ ಮಗುಚಿತು. ಅವಳು ದಿನಾ ಸಂಜೆ ಅದೇ ಸೀರೆಯಲ್ಲಿ ಹಣತೆ ಹಿಡಿದು ಬಂದು ನಿಲ್ಲತೊಡಗಿದಳು. ತಲೆ ಕೆದರಿತು, ಮೆಟ್ಟಿಲ ಕಲ್ಲಿಗೆ ಕೈ ಬಡಿದು ಬಳೆಗಳನ್ನು ಒಡೆದುಕೊಂಡಳು, ಒಂದು ಸಂಜೆ ಹಣತೆಯೊಂದಿಗೆ ಹೊಳೆಗೆ ಇಳಿದೇಬಿಟ್ಟಳು. ನೀರಿನ ಮೇಲೆ ದೀಪವೊಂದೇ ತೇಲುತ್ತ ಹೋಯಿತು, ಹಿಂದೆ ಆ ಹಾಡು. ನಮ್ಮೂರ ಪ್ರತಿ ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಬಾರಿಸುವ ಅದೇ ಹಾಡು.

ನಾನು ಅಳಲಿಲ್ಲ. ಅಳಲು ಪುರುಸೊತ್ತಿರಲಿಲ್ಲ. ದೀಪ ಆರಿದ್ದಕ್ಕೆ ಒಂದು ಸಂಬಂಧ ಮುರಿದಿದೆ. ಇಲ್ಲಿ ಕುಮುದಿನಿಯೇ ಮುಳುಗುತ್ತಾಳೆ. ಅದೂ ಹೊಳೆಯಲ್ಲಿ. ಎಂ.ಕೆ. ಹುಬ್ಬಳ್ಳಿ ಇರುವುದು ಮಲಪ್ರಭೆಯ ದಂಡೆಯ ಮೇಲೆ! ಬೆಕ್ಕಿಗೆ ಹೆದರುವ ಶಾಂತಕ್ಕ ಇದನ್ನು ನೋಡಿ ಮುಗಿಸಿ, ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು.

ಡಿಸ್ಕನ್ನು ಪಿನ್ನಿನಿಂದ ಗೀಚಿಬಿಡಲೇ ಎಂದು ಕೈಗೆತ್ತಿಕೊಂಡೆ. ಅಷ್ಟು ಜನ ಕೂತು ಗೀರು ಅಳಿಸಿದ್ದನ್ನು ಗೀಚಲು ಮನಸ್ಸು ಬರಲಿಲ್ಲ. ಮರೆತು ಬಂದೆ ಎನ್ನಲೇ? ಬಸವರಾಜ ತನ್ನ ಜೀಪಿನಲ್ಲಿ ಬೈಲಹೊಂಗಲಕ್ಕೆ ಹೋಗಿ ತಂದಾನು. ಕೊನೆಗೆ ನನಗೆ ಒಂದೇ ಆಸರೆ ಕಂಡಿತು. ಆ ವರ್ಷಗಳಲ್ಲಿ ನಮ್ಮೂರಲ್ಲಿ ಮಧ್ಯಾಹ್ನ ಕರೆಂಟು ಹೋಗದ ದಿನವಿರಲಿಲ್ಲ. ಕರೆಂಟನ್ನು ಬೈದುಕೊಂಡೇ ಬೆಳೆದ ನಾನು ಮೊದಲ ಸಲ ಅದನ್ನು ನೆಚ್ಚಿಕೊಂಡು ಪ್ಲೇಯರನ್ನು ಸೀರೆಯಲ್ಲಿ ಸುತ್ತಿ ಬೆಳಗಿನ ಬಸ್ಸು ಹತ್ತಿದೆ.

ಊರಲ್ಲಿ ಇಳಿದರೆ ಕಾಕಾ, ಅಂದರೆ ಚಿಗವ್ವನ ಗಂಡ, ಬಸ್‌ಸ್ಟ್ಯಾಂಡಿಗೇ ಬಂದಿದ್ದ. “ಚಿಂತಿ ಬ್ಯಾಡವಾ. ಲೈನ್‌ಮನ್‌ಗ ಊಟಕ್ಕ ಹೇಳೇನಿ. ಇವತ್ತೊಂದಿನ ಕರೆಂಟ್ ಹೋಗದಂಗ ನೋಡಕೋತೇನಿ ಅಂದಾನ” ಎಂದು ಹೆಮ್ಮೆಯಿಂದ ನನ್ನ ಕೈಯಿಂದ ಗಂಟು ಇಸಿದುಕೊಂಡ. ನಾನು ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಚಿಗವ್ವನಿಗೆ ಹೇಳಿಯೇ ಬಿಡುವುದೆಂದು ಅಡುಗೆಮನೆಗೆ ಹೋದೆ. ಅವಳು ಹೋಳಿಗೆ ಲಟ್ಟಿಸುತ್ತಿದ್ದಳು. ರಾಮದುರ್ಗದವರು ಹೋದಾಗಿನಿಂದ ಬಾಡಿದ್ದ ಮುಖ ಅಂದು ತುಂಬಿಕೊಂಡಿತ್ತು.

“ಚಿಗವ್ವ, ಆ ಸಿನಿಮಾ...” ಎಂದೆ.

“ಹೌದವಾ! ನೋಡು, ಇಷ್ಟ ವರ್ಷಾತು, ಆಕಿ ಲಗ್ನ ನಾ ಕಣ್ಣಿಲೇ ನೋಡೇ ಇಲ್ಲ. ಬರೇ ಬಾಯಿಲೇ ಮಾಡಿದ್ದು. ಇವತ್ತ ಆಕಿ ಲಗ್ನನೂ ನೋಡತೇನಿ, ನನ್ನ ಮಗಳ ಸಕ್ಕರಿನೂ ತಿಂತೇನಿ” ಎಂದಳು. ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಮುಟ್ಟಿದಳು. ನಾನು ಲಟ್ಟಣಿಗೆ ತೆಗೆದುಕೊಂಡು ಹೋಳಿಗೆ ಲಟ್ಟಿಸಲು ಕೂತೆ.

ಬೀಗರು ಬಂದರು, ಊಟವಾಯಿತು. ಪಡಸಾಲೆಯಲ್ಲಿ ಟಿವಿ ಇಟ್ಟರು. ಓಣಿಯ ಹೆಂಗಸರೆಲ್ಲ ಬಂದು ತುಂಬಿಕೊಂಡರು. ಹಸೀನಾಬಿ ಹಸಿರು ಬಳೆಗಳನ್ನು ತಂದು ಕುಮುದಿನಿಗೆ ತೊಡಿಸಿಯೇ ಕೂತಳು. ಆ ಬಳೆಗಳ ಸದ್ದು ಕೇಳಿದಾಗೆಲ್ಲ ನನಗೆ ಮೆಟ್ಟಿಲ ಕಲ್ಲು ನೆನಪಾಗುತ್ತಿತ್ತು. ಲೈನ್‌ಮನ್ ಸ್ವತಃ ಕಂಬಕ್ಕೊರಗಿ ಕೂತಿದ್ದ. ಶಾಂತಕ್ಕನಿಗೆ ಎಲ್ಲರಿಗಿಂತ ಮುಂದೆ ಕುರ್ಚಿ. ರಿಮೋಟು ನನ್ನ ಕೈಯಲ್ಲಿ.

ಸಿನಿಮಾ ಶುರುವಾಯಿತು. ಎಲ್ಲರೂ ಕತ್ತು ಮುಂದೆ ಚಾಚಿದರು. ಅಷ್ಟು ಸ್ವಚ್ಛ! ಕುಮುದಿನಿಯ ಮೂಗುಬೊಟ್ಟಿನ ಹರಳು ಕೂಡ ಕಾಣುತ್ತಿತ್ತು.

“ಅಯ್ಯ, ಮಳಿ ಎಲ್ಲಿ ಹೋತು?” ಎಂದಳು ಚಿಗವ್ವ.

“ಯಾವ ಮಳಿರೀ?” ಎಂದ ಬಸವರಾಜ.

“ಇದರಾಗ ಸುರೂಲಿಂದ ಕಡೀಮಟ ಮಳಿ ಹೊಡಿತಿತ್ತಲ್ಲೋ ಅಪ್ಪಾ. ಮನ್ಯಾಗ ಸೈತ ಮಳಿ ಬೀಳತಿತ್ತು.”

“ಹೌದ್ರೀ, ಅದಕ ಆಕಿ ಅಪ್ಪ ಅಷ್ಟ ಸಿಟ್ಟಿನ್ಯಾಗ ಇರತಿದ್ದ. ಮನಿ ಸೋರತಿತ್ತು” ಎಂದಳು ಹಸೀನಾಬಿ.

ಹಳೆಯ ರೀಲಿನ ಗೀರುಗಳನ್ನು ನಮ್ಮೂರವರು ಇಷ್ಟು ವರ್ಷ ಮಳೆಯೆಂದುಕೊಂಡಿದ್ದರು. ಎಲ್ಲರೂ ನಕ್ಕರು. ಶಾಂತಕ್ಕ ನಗಲಿಲ್ಲ. ಅವರು ಪರದೆಯನ್ನೂ ನೋಡುತ್ತಿರಲಿಲ್ಲ. ಒಂದು ಸಲ ಚಿಗವ್ವನನ್ನು, ಒಂದು ಸಲ ಓಣಿಯ ಹೆಂಗಸರನ್ನು, ಆಮೇಲೆ ನನ್ನನ್ನು ನೋಡಿದರು. ನಾನು ಎದ್ದು ನೀರು ಕುಡಿದು ಬಂದೆ. ಮತ್ತೆ ಮತ್ತೆ ಎದ್ದು ಹಿತ್ತಲಿನ ಕರುವಿಗೆ ನೀರು ಕುಡಿಸಿ ಬಂದೆ. ಸಿನಿಮಾ ಮುಗಿಯುವುದಕ್ಕಿಂತ ಮುಂಚೆ ಮುಹೂರ್ತ ಬಂದುಬಿಡಲಿ ಎಂದು ಬಾಗಿಲಿನಿಂದ ಬೀದಿ ನೋಡಿದೆ. ದನಗಳ ಸುಳಿವಿರಲಿಲ್ಲ.

ಅಪ್ಪ ಕರಗಿದ. ಕುಮುದಿನಿ ಲಗ್ನದ ಸೀರೆ ಉಟ್ಟಳು. ಪಡಸಾಲೆಯ ಹೆಂಗಸರು ಸರಿದು ಸರಿದು ಟಿವಿಯ ಹತ್ತಿರ ಬಂದರು. ಅವರಿಗೆ ಇನ್ನು ಮುಂದಿನದೆಲ್ಲ ಹೊಸತು. ಹಣತೆ ಬಂತು, ಮೆಟ್ಟಿಲು ಬಂತು, ಹಾಡು ಶುರುವಾಯಿತು. ಚಿಗವ್ವ ಮಗಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, “ಈಗ ನೋಡು, ಈಗ ಬರತಾನ” ಎಂದಳು. ದೂರದಲ್ಲಿ ದೋಣಿ ಕಂಡಿತು. ಲೈನ್‌ಮನ್ ಬೀಡಿ ಹಚ್ಚಿದ. ಕರೆಂಟು ಕಂಬದಂತೆ ಗಟ್ಟಿಯಾಗಿ ನಿಂತಿತ್ತು. ನನ್ನ ಬೆರಳು ರಿಮೋಟಿನ ಗುಂಡಿಯ ಮೇಲಿತ್ತು, ಒತ್ತಿದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ, ಒತ್ತದಿದ್ದರೆ ಗಾಳಿ ಏಳುತ್ತದೆ.

“ದೊಡವಾಡದವರು ಏಳ್ರೀ... ಬಸ್ ಹಚ್ಚ್ಯಾರ!”

ನಾನು ಬೆಚ್ಚಿಬಿದ್ದೆ. ಅದೇ ರಾಗ, ಅದೇ ಎಳೆತ. ಶಾಂತಕ್ಕ ಕುರ್ಚಿಯಿಂದ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ್ದರು.

ಆಮೇಲಾದದ್ದನ್ನು ನೆನೆದರೆ ನನಗೆ ಈಗಲೂ ನಗು ಮತ್ತು ಅಳು ಎರಡೂ ಬರುತ್ತವೆ. ಪಡಸಾಲೆಯ ಹೆಂಗಸರೆಲ್ಲ, ಬಸ್ಸಿಲ್ಲ ಟಾಕೀಸಿಲ್ಲ ಎಂಬ ಯೋಚನೆಯೇ ಇಲ್ಲದೆ, ದಡಬಡನೆ ಎದ್ದು ನಿಂತರು. ಹಸೀನಾಬಿ ಚಪ್ಪಲಿ ಹುಡುಕತೊಡಗಿದಳು. ಚಿಗವ್ವ ಮಗಳನ್ನು ಕೂಸೆಂಬಂತೆ ತೋಳು ಹಿಡಿದು ಎಬ್ಬಿಸಿದಳು. ನನ್ನ ಕಾಲುಗಳೂ ಎದ್ದಿದ್ದವು, ಬೆರಳು ತಾನಾಗಿ ಗುಂಡಿ ಒತ್ತಿ ಸಿನಿಮಾ ನಿಲ್ಲಿಸಿತ್ತು. ಒಂದು ಗಳಿಗೆ ಬಿಟ್ಟು ಎಲ್ಲರಿಗೂ ತಾವು ಏನು ಮಾಡುತ್ತಿದ್ದೇವೆಂದು ತಿಳಿದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

“ಅವ್ವಾ, ಇನ್ನ ಲಗ್ನ ಐತಿ, ನೋಡೂಣು” ಎಂದ ಬಸವರಾಜ.

“ಲಗ್ನ ಟಿವ್ಯಾಗ ಏನ ನೋಡತೀ? ದನಾ ಬರೂ ಹೊತ್ತಾತು. ನೀಲಕ್ಕಾ, ಸಕ್ಕರಿ ತರ್ರಿ” ಎಂದರು ಶಾಂತಕ್ಕ. ತಾವೇ ಮೊದಲ ಚಿಟಿಕೆ ತೆಗೆದು ನಮ್ಮ ಕುಮುದಿನಿಯ ಬಾಯಿಗೆ ಹಾಕಿದರು.

ಹೊರಡುವಾಗ ಜೀಪಿನ ಹತ್ತಿರ ನನ್ನನ್ನು ಬದಿಗೆ ಕರೆದರು. “ನಿನ್ನ ಮಾರಿ ನೋಡಿದಾಗನ ತಿಳೀತು, ನೀ ಕಡೀದು ನೋಡೀದಿ ಅಂತ. ನನ್ನ ತವರುಮನಿ ಆ ಟಾಕೀಸಿನ ಹಿಂದ ಇತ್ತವಾ. ನೀವು ಎದ್ದು ಹೋದ ಮ್ಯಾಲ ಮಂದಿ ಅಳೋದು ಗ್ವಾಡಿ ಈಚೆ ಕೇಳತಿತ್ತು. ದೊಡವಾಡದವರು ಎದ್ರು, ಇನ್ನ ಅಳೋದು ಸುರು ಅಂತ ನಮ್ಮವ್ವ ಒಲಿ ಹಚ್ಚತಿದ್ದಳು” ಎಂದರು.

“ಶಕುನ ಅಂತ ನೀವು...” ಎಂದು ತೊದಲಿದೆ.

“ಬೆಕ್ಕಿಗೆ ನಾ ಅಂಜತೇನಿ, ಖರೆ. ಆದ್ರ ನಿಮ್ಮ ಚಿಗವ್ವನ ಮಾರಿ ಮ್ಯಾಲಿನ ಆ ಖುಷಿ ಹೋಗಿದ್ರ, ಅದಕ್ಕಿಂತ ದೊಡ್ಡ ಅಪಶಕುನ ಯಾವುದು ಹೇಳು” ಎಂದು ಜೀಪು ಹತ್ತಿದರು. ನಾನು ಅವರ ಕಾಲು ಮುಟ್ಟಬೇಕೆಂದುಕೊಳ್ಳುವಷ್ಟರಲ್ಲಿ ಜೀಪು ಹೊರಟಿತ್ತು.

ಇಲ್ಲಿಗೆ ಮುಗಿದಿದ್ದರೆ ಡಿವಿಡಿ ಶಾಲುಗಳ ಕೆಳಗೆ ಸೇರುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಚಿಗವ್ವ ಪಡಸಾಲೆಗೆ ಬಂದು ಬಾಗಿಲು ಮುಂದೆ ಮಾಡಿ ಅಗುಳಿ ಹಾಕಿದಳು. ಅಲ್ಲಿದ್ದವರು ನಾನು, ಕುಮುದಿನಿ ಇಬ್ಬರೇ.

“ಹಾಕು” ಎಂದಳು.

“ಏನು?”

“ಉಳಿದದ್ದು. ಶಾಂತಕ್ಕ ಅಂಥಾಕಿ ಸುಮ್ಮಸುಮ್ಮನ ಕೂಗೂದಿಲ್ಲ. ನೀನೂ ಇವತ್ತ ಕರುವಿಗೆ ಮೂರ ಸಲ ನೀರು ಕುಡಿಸೀದಿ.”

ನಾನು ಬೇಡವೆಂದೆ. ಅವಳು ರಿಮೋಟು ಕಸಿದು ಯಾವುದೋ ಗುಂಡಿ ಒತ್ತತೊಡಗಿದಳು. ವಿಧಿಯಿಲ್ಲದೆ ಹಾಕಿದೆ. ಗಾಳಿ ಎದ್ದಿತು, ದೋಣಿ ಮಗುಚಿತು. ಚಿಗವ್ವ ಕಣ್ಣು ಮಿಟುಕಿಸದೆ ನೋಡಿದಳು. ಬಳೆ ಒಡೆದಾಗ ಸೆರಗನ್ನು ಬಾಯಿಗೆ ಹಿಡಿದಳು. ಆ ಕುಮುದಿನಿ ನೀರಿಗೆ ಇಳಿಯುವಾಗ ನಮ್ಮ ಕುಮುದಿನಿ, “ಈಕಿಗೆ ಈಸಾಕ ಬರತಿದ್ದಿಲ್ಲೇನು? ಹೊಳಿ ದಂಡಿ ಮ್ಯಾಲ ಹುಟ್ಟಿ?” ಎಂದಳು. ಅವಳು ಸಣ್ಣವಳಿದ್ದಾಗಲೇ ಬಾವಿಯಲ್ಲಿ ಈಜು ಕಲಿತವಳು. ಹಾಗೆಂದರೂ ಅವ್ವನ ತೊಡೆಗೆ ಒತ್ತಿ ಕೂತಳು. ದೀಪ ತೇಲುತ್ತ ಹೋಯಿತು. ಹಾಡು ಮುಗಿಯಿತು.

ಚಿಗವ್ವ ಕಪ್ಪಾದ ಪರದೆಯನ್ನೇ ನೋಡುತ್ತ ಕೂತಳು. ನನಗೆ ಭಯವಾಯಿತು. ಮಗಳ ಹೆಸರನ್ನು ಬದಲಿಸುತ್ತಾಳೋ, ಸಂಬಂಧ ಬೇಡವೆನ್ನುತ್ತಾಳೋ, ತೊಟ್ಟಿಲಲ್ಲಿ ಹೇಳಿದ ಮಾತು ನೆನೆದು ಕೂತುಬಿಡುತ್ತಾಳೋ. ಅವಳು ಕಣ್ಣೊರೆಸಿಕೊಂಡು ಮಗಳ ತಲೆ ಸವರಿದಳು.

“ಪಾಪ, ಆ ಹುಡುಗೀಗೆ ಒಂದು ದೊಡವಾಡದ ಬಸ್ ಇರಲಿಲ್ಲ ನೋಡ” ಎಂದಳು.

ಆಮೇಲೆ ಡಿಸ್ಕನ್ನು ತೆಗೆಸಿ, ಡಬ್ಬಿಗೆ ಹಾಕಿಸಿ, ನನ್ನ ಕೈಚೀಲದಲ್ಲಿ ತಾನೇ ಇಟ್ಟಳು. “ಇದು ಈ ಊರಾಗ ಬ್ಯಾಡ. ಕೆಳಗಿನ ಓಣ್ಯಾಗ ಇನ್ನಾ ನಾಕು ಕುಮುದಿನ್ಯಾರು ಲಗ್ನಕ್ಕ ಬೆಳದು ನಿಂತಾರ. ಹಸೀನಾಗಂತೂ ಹೇಳಬ್ಯಾಡ. ಆಕಿ ಇನ್ನಾ ಅವರಿಬ್ಬರಿಗೂ ಊಟಾ ಬಡಸಾಕ ಹತ್ಯಾಳ.”

ನಮ್ಮ ಕುಮುದಿನಿ ಎಂ.ಕೆ. ಹುಬ್ಬಳ್ಳಿಯಲ್ಲಿ ಚೆನ್ನಾಗಿದ್ದಾಳೆ. ಆದರೂ ಮಳೆಗಾಲದಲ್ಲಿ ಮಲಪ್ರಭೆ ತುಂಬಿದೆ ಎಂಬ ಸುದ್ದಿ ಬಂದರೆ ನಾನು ಏನಾದರೊಂದು ನೆಪ ಮಾಡಿ ಅವಳಿಗೆ ಫೋನ್ ಮಾಡುತ್ತೇನೆ. ಕೆಳಗಿನ ಓಣಿಯ ನಾಲ್ವರಲ್ಲಿ ಇಬ್ಬರ ಲಗ್ನವಾಗಿದೆ, ಬ್ಯಾಂಡಿನವರು ಅದೇ ಹಾಡು ಬಾರಿಸಿದ್ದಾರೆ. ಬಾರಿಸುವಾಗ ಚಿಗವ್ವ ದೂರದಿಂದ ನನ್ನನ್ನು ನೋಡಿದ್ದಾಳೆ, ನಾನು ಅವಳನ್ನು. ಇನ್ನಿಬ್ಬರು ಉಳಿದಿದ್ದಾರೆ.

ಹಾಗಾಗಿ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಆ ಸಿನಿಮಾವನ್ನು ನೀವು ಪೂರ್ತಿ ನೋಡಿದವರಿರಬಹುದು. ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ವಸ್ತಿ ಬಸ್ಸಿಗೆ ಕಾಯುತ್ತ ಕೂತ ಯಾವುದಾದರೂ ಹೆಂಗಸು ನಿಮ್ಮನ್ನು ಆ ಕೊನೆ ಏನಾಯಿತೆಂದು ಕೇಳಿದರೆ, ದೋಣಿ ದಡಕ್ಕೆ ಬಂತು ಎಂದು ಹೇಳಿ.